ಹೆಸರುಪಟ್ಟಿ ಡೇಟಾಬೇಸ್ ಆದದ್ದು

ನೆಟ್‌ವರ್ಕ್ ಕಸುಬಿಗೂ ಡೇಟಾಬೇಸಿಗೂ ನಂಟು ಬೆಳೆದದ್ದು ಇಂಟರ್ನೆಟ್ಟಿಗೆ ಮುಂಚಿನ ಜಾಲವಾದ ಅರ್ಪಾನೆಟ್ ಕಾಲದಲ್ಲೇ. ಯಾವ ಕಂಪ್ಯೂಟರಿಗೆ ಯಾವ ವಿಳಾಸ ಎಂಬುದನ್ನು ಮೊದಮೊದಲು ಒಂದೊಂದು ಕೇಂದ್ರವೂ ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. 1974ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಒಂದೇ ಅಧಿಕೃತ ಕಡತ ಇಡತೊಡಗಿತು. ಮುಂದೆ ಅದರ ರೂಪ ಹೀಗೆ ನೆಲೆಗೊಂಡಿತು: ಸಾಲಿಗೊಂದು ಯಂತ್ರ, ವಿಳಾಸ, ಹೆಸರು, ಯಂತ್ರದ ಮಾದರಿ, ಆಪರೇಟಿಂಗ್ ಸಿಸ್ಟಂ, ನಡುನಡುವೆ ಕೋಲನ್. ಕೋಷ್ಟಕವೆಂದರೆ ಇದೇ ತಾನೆ! ಹೊಸ ಯಂತ್ರ ಬಂದಾಗಲೆಲ್ಲ ತಂಡಕ್ಕೆ ತಿಳಿಸಬೇಕು, ಉಳಿದವರೆಲ್ಲ ಇಡೀ ಕಡತವನ್ನೇ ಮತ್ತೆ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಈ ಏರ್ಪಾಟು ಏದುಸಿರುಬಿಟ್ಟಿತು.

1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ಆ ಕಡತವನ್ನು ತುಂಡುಮಾಡಿ ಹಂಚಿತು. ಆಯಾ ವಲಯದ ದಾಖಲೆ ಆಯಾ ಸಂಸ್ಥೆಯ ಕೈಗೆ; ಪ್ರತಿ ದಾಖಲೆಗೂ ಇಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದೆಂಬ ಗಡುವು. ಇದು ಹಂಚಿಹೋದ ಡೇಟಾಬೇಸೇ, ದಿನವೂ ತಿದ್ದುವವರು ಹಾಗೆ ಕರೆಯದಿದ್ದರೂ.

ಕೋಷ್ಟಕಗಳ ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯುಎಲ್ ಈ ಕಸುಬಿನವರ ಕೈಗೆ ಬಂದದ್ದು ತಡವಾಗಿ. ಎಷ್ಟೋ ಕಡೆ ವಿಳಾಸಗಳ ಲೆಕ್ಕ ಎಕ್ಸೆಲ್ ಹಾಳೆಯಲ್ಲೇ ಉಳಿದಿತ್ತು. 2016ರಲ್ಲಿ ಮುಕ್ತ ತಂತ್ರಾಂಶವಾಗಿ ಬಂದ ನೆಟ್‌ಬಾಕ್ಸ್ ಅದನ್ನು ಪೋಸ್ಟ್‌ಗ್ರೆಸ್‌ಕ್ಯುಎಲ್ ಕೋಷ್ಟಕಗಳಲ್ಲಿ ಕೂರಿಸಿತು. ಒಂದೇ ವಿಳಾಸವನ್ನು ಎರಡು ಸಲ ಬರೆಯಹೊರಟರೆ ತಡೆಯುವಂತೆಯೂ ನೆಟ್‌ಬಾಕ್ಸನ್ನು ಹೊಂದಿಸಿಡಬಹುದು.