ದೋಣಿಗೆ ಪೆಟ್ರೋಲ್ ಅಂದ್ರೆ ಯಾಕೆ ಭಯ?

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಬೈಕಿನಿಂದ ಒಂದೆರಡು ಹನಿ ಸೋರಿದರೆ ಅಂಗಳದಲ್ಲಿ ಕಲೆಯಾಗತ್ತೆ, ಗಾಳಿಗೆ ಆರಿ ಹೋಗತ್ತೆ. ದೋಣಿಯಲ್ಲಿ ಹಾಗಲ್ಲ. ಅದರ ಹೊಟ್ಟೆ ಮುಚ್ಚಿದ ಬಾವಿ ಇದ್ದ ಹಾಗೆ. ಆವಿ ಕೆಳಗಿಳಿದು ಅಲ್ಲೇ ಕೂತಿರತ್ತೆ, ಸ್ಟಾರ್ಟರಿನ ಒಂದು ಕಿಡಿಗೆ ಕಾಯ್ತಾ.

ಈ ಭಯಕ್ಕೆ ದೋಣಿ ಎಂಜಿನ್ನಿನಷ್ಟೇ ವಯಸ್ಸು. 1886ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ನೆಕ್ಕರ್ ನದಿಯಲ್ಲಿ ಪೆಟ್ರೋಲ್ ಎಂಜಿನ್ನಿನ ದೋಣಿ ಓಡಿಸಿದರು. ಸಿಡಿದೀತು ಅಂತ ಜನ ಹೆದರುತ್ತಾರೆಂದು ಎಂಜಿನ್ನನ್ನು ಮರೆಮಾಡಿ, ಇದು ವಿದ್ಯುತ್ತಿನದ್ದು ಅನ್ನೋ ಹಾಗೆ ನಂಬಿಸಿದ್ದರಂತೆ!

ಆಗಿನ್ನೂ ಇಂಧನದ ಮೇಲೆ ಗಾಳಿ ಹಾಯಿಸಿ ಆವಿ ಮಾಡುವ ಕಾಲ. 1893ರಲ್ಲಿ ಹಂಗೆರಿಯ ಡೋನಾಟ್ ಬಾಂಕಿ, ಯಾನೋಶ್ ಚೋಂಕಾ ಒಂದು ಕಡೆ, ಮೇಬಾಕ್ ಇನ್ನೊಂದು ಕಡೆ ಇಂಧನ ಸಿಂಪಡಿಸುವ ಕಾರ್ಬ್ಯುರೇಟರಿಗೆ ಪೇಟೆಂಟ್ ಪಡೆದರು. ಒಳಗೊಂದು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್. ಪೆಟ್ರೋಲ್ ಮಟ್ಟ ಏರಿದರೆ ಫ್ಲೋಟ್ ಮೇಲೆದ್ದು ಸೂಜಿ ವಾಲ್ವ್ ಮುಚ್ಚತ್ತೆ. ನಮ್ಮ ಮನೆ ಓವರ್‌ಹೆಡ್ ಟ್ಯಾಂಕಿನ ಚೆಂಡಿನ ನಲ್ಲಿ ಮಾಡೋದೂ ಇದನ್ನೇ. ಆ ಸೂಜಿಯ ಕೆಳಗೆ ಒಂದು ಕಸ ಸಿಕ್ಕಿಕೊಂಡರೆ ಸಾಕು, ಸೋರಿಕೆ ಶುರು.

ಅಮೆರಿಕದ ಹಾಯಿದೋಣಿಗಳಲ್ಲಿ ಇದಕ್ಕೆ ಹೆಸರಾದದ್ದು ವಿಸ್ಕಾನ್ಸಿನ್‌ನ ಯೂನಿವರ್ಸಲ್ ಕಂಪನಿಯ ‘ಅಟಾಮಿಕ್ 4’. 1940ರ ದಶಕದ ಕೊನೆಯಿಂದ 1980ರ ದಶಕದ ಮಧ್ಯದವರೆಗೆ ಸುಮಾರು 40,000 ಎಂಜಿನ್ ತಯಾರಾದವು. ಇವತ್ತಿಗೂ ಸಾವಿರಾರು ಓಡುತ್ತಿವೆ. ನನ್ನ ಸಹೋದ್ಯೋಗಿಯೊಬ್ಬರ ಹಳೇ ದೋಣಿಯಲ್ಲೂ ಒಂದಿದೆ. ಅದು ಸೋರತೊಡಗಿದಾಗ ವಿಡಿಯೋ ಕಾಲ್‌ನಲ್ಲಿ ನನಗೂ ತೋರಿಸಿದರು.

ಇದರ ಕಾರ್ಬ್ಯುರೇಟರಿನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗತ್ತೆ. ಹಾಗಾಗಿ ಹೆಚ್ಚಾದ ಪೆಟ್ರೋಲ್ ಎಂಜಿನ್ನಿಗೆ ಹೋಗದೆ, ಬಾಯಿಂದ ಕೆಳಕ್ಕೆ ದೋಣಿಯೊಳಗೇ ಬೀಳತ್ತೆ. ಮೊದಲು ಇಂಧನದ ನಲ್ಲಿ ಮುಚ್ಚಿ, ವಾಸನೆ ಪೂರ್ತಿ ಹೋಗುವ ತನಕ ಗಾಳಿಯಾಡಲು ಬಿಡಬೇಕು. ಆಮೇಲೆ ಒಣಗಿಸಿ ಒರೆಸಿ, ಹನಿ ಹುಟ್ಟೋದು ಎಲ್ಲಿ ಅಂತ ನೋಡಬೇಕು. ತಳದ ಬಿರಡೆಯಲ್ಲೋ ಜೋಡಣೆಯಲ್ಲೋ ಆದರೆ ಗ್ಯಾಸ್ಕೆಟ್ ಹೋಗಿದೆ. ಗಾಳಿ ಬರುವ ಬಾಯಲ್ಲಾದರೆ ಸೂಜಿ ಅಥವಾ ಫ್ಲೋಟ್. ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ಗುಳಗುಳ ಸದ್ದು ಬಂತು. ತೂತಾಗಿ ಪೆಟ್ರೋಲ್ ತುಂಬಿಕೊಂಡಿದ್ದ ಫ್ಲೋಟ್ ತೇಲೋದು ಹೇಗೆ?

ಕೋಡ್ ಬರೆಯುವ ನಮಗೂ ‘ಲೀಕ್’ ಅನ್ನೋ ಪದ ಹೊಸದಲ್ಲ. ನಮ್ಮಲ್ಲಿ ರೀಸ್ಟಾರ್ಟ್ ಮಾಡಿ ಒಂದು ದಿನ ತಳ್ಳಬಹುದು. ದೋಣಿಯಲ್ಲಿ ರೀಸ್ಟಾರ್ಟ್ ಮಾಡುವ ಆ ಕೀಲಿಯೇ ಕೊಲ್ಲೋದು.

ಅಮೆರಿಕದ ಕಾನೂನು ಸಹ ಇದನ್ನು ಅನುಭವದಿಂದಲೇ ಕಲಿತದ್ದು. 1940ರ ಮೋಟಾರ್‌ಬೋಟ್ ಕಾಯ್ದೆಯ ನಂತರ ಇಂಥ ಎಂಜಿನ್ನಿನ ಕಾರ್ಬ್ಯುರೇಟರಿಗೆ ಜ್ವಾಲೆ ತಡೆಯುವ ಜಾಲರಿ ಕಡ್ಡಾಯವಾಯಿತು. ಹಾಯಿದೋಣಿಗಳು ಕ್ರಮೇಣ ಡೀಸೆಲ್‌ಗೆ ಹೊರಳಿದ್ದಕ್ಕೂ ಈ ಭಯ ಒಂದು ದೊಡ್ಡ ಕಾರಣ.

ನಮ್ಮಲ್ಲಿ 2020ರ ಬಿಎಸ್-6 ನಿಯಮದೊಂದಿಗೆ ಹೊಸ ಬೈಕುಗಳಿಂದ ಕಾರ್ಬ್ಯುರೇಟರ್ ಹೆಚ್ಚುಕಮ್ಮಿ ಮರೆಯಾಯಿತು. ಅದಕ್ಕೆ ಕಾರಣ ಹೊಗೆ. ದೋಣಿಯವರಿಗೆ ಮಾತ್ರ ಕಾರಣ ಇನ್ನೂ ಹಳೆಯದು. ಹಳೇ ಎಂಜಿನ್ ಇಟ್ಟುಕೊಂಡವರು ಇವತ್ತಿಗೂ ಕೀಲಿ ತಿರುಗಿಸುವ ಮುಂಚೆ ಬ್ಲೋವರ್ ಹಾಕ್ತಾರೆ, ಮುಚ್ಚಳ ತೆಗೆದು ಬಗ್ಗಿ ಮೂಸಿ ನೋಡ್ತಾರೆ.