ದೀಪಕ್ಕೊಂದು ಟೋಪಿ

ಊರಿಗೆ ದೀಪ ಬಂತೆಂದರೆ ನಮ್ಮಲ್ಲಿ ಹಬ್ಬ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ದೀಪ ಹಾಕಿಸುತ್ತೇನೆಂದು ಪಂಚಾಯಿತಿಗೆ ಗೆದ್ದು ಬಂದವರನ್ನು ನಾನು ಕಂಡಿದ್ದೇನೆ. ದೀಪ ಕಡಿಮೆ ಮಾಡಿಸುತ್ತೇನೆಂದು ಚುನಾವಣೆಗೆ ನಿಂತವರನ್ನು ಕಂಡಿಲ್ಲ. ಹೀಗಿರುವಾಗ ಒಂದು ಊರಿನವರು ಸಭೆ ಸೇರಿ, ‘ಈ ಬೆಳಕು ನಮಗೆ ಬೇಡ’ ಎಂದು ಕಾನೂನು ಮಾಡಿಕೊಂಡ ಸಂಗತಿ ಓದಿದಾಗ ವಿಚಿತ್ರವೆನಿಸಿತು.

ಆ ಊರು ಅಮೆರಿಕದ ಅರಿಜೋನಾ ರಾಜ್ಯದ ಫ್ಲ್ಯಾಗ್‌ಸ್ಟಾಫ್. ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಸುತ್ತ ಪೈನ್ ಕಾಡು. ಮರದ ಮಿಲ್ಲು, ರೈಲು, ಇವುಗಳಿಂದ ಬೆಳೆದ ಊರು. 1894ರಲ್ಲಿ ಪರ್ಸಿವಲ್ ಲೊವೆಲ್ ಎಂಬ ಬಾಸ್ಟನ್ನಿನ ಸಿರಿವಂತ, ಮಂಗಳ ಗ್ರಹದ ಕಾಲುವೆಗಳನ್ನು ನೋಡುವ ಹುಚ್ಚಿನಿಂದ ಊರ ಪಕ್ಕದ ಗುಡ್ಡದ ಮೇಲೆ ವೀಕ್ಷಣಾಲಯ ಕಟ್ಟಿಸಿದ. ಕಾಲುವೆಗಳು ಸುಳ್ಳಾದವು, ವೀಕ್ಷಣಾಲಯ ಉಳಿಯಿತು. 1930ರಲ್ಲಿ ಕ್ಲೈಡ್ ಟಾಂಬಾ ಎಂಬ ರೈತನ ಮಗ ಅಲ್ಲಿಂದಲೇ ಪ್ಲೂಟೋವನ್ನು ಕಂಡುಹಿಡಿದ.

ಅವನ ಕೆಲಸ ಎಂಥದೆಂದು ತಿಳಿದರೆ ಮುಂದಿನ ಜಗಳ ಅರ್ಥವಾದೀತು. ಆಕಾಶದ ಒಂದೇ ತುಂಡನ್ನು ಕೆಲವು ದಿನ ಬಿಟ್ಟು ಎರಡು ಸಲ ಗಾಜಿನ ಫಲಕದ ಮೇಲೆ ಫೋಟೋ ತೆಗೆಯಬೇಕು; ಎರಡನ್ನೂ ಹೋಲಿಸಿ, ಸಾವಿರಾರು ಚುಕ್ಕೆಗಳ ನಡುವೆ ಜಾಗ ಬದಲಿಸಿದ ಒಂದು ಚುಕ್ಕೆಯನ್ನು ಹುಡುಕಬೇಕು. ಒಂದೊಂದು ಫಲಕವೂ ಗಂಟೆಗಟ್ಟಲೆ ಆಕಾಶಕ್ಕೆ ತೆರೆದಿರಬೇಕು. ಅಷ್ಟು ಹೊತ್ತಿನಲ್ಲಿ ಊರಿನಿಂದ ಮೇಲೆ ಹೋದ ಬೆಳಕು ಧೂಳಿಗೆ, ಗಾಳಿಯ ಕಣಗಳಿಗೆ ತಾಗಿ ಚದುರಿ ಅದೇ ಫಲಕದ ಮೇಲೆ ಮಬ್ಬಾಗಿ ಕೂರುತ್ತದೆ. ದೂರದ ಚುಕ್ಕೆ ಆ ಮಬ್ಬಿನಲ್ಲಿ ಮುಳುಗಿಹೋಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಶತ್ರು ವಿಮಾನ ಹುಡುಕಲು ಬಳಸಿದ ಸರ್ಚ್‌ಲೈಟುಗಳು ಯುದ್ಧ ಮುಗಿದ ಮೇಲೆ ಅಂಗಡಿಕಾರರ ಕೈಗೆ ಬಂದವು. ನಮ್ಮ ಪೇಟೆಗೆ ಸರ್ಕಸ್ ಬಂದಾಗ ಆಕಾಶದಲ್ಲಿ ಗಿರಕಿ ಹೊಡೆಯುತ್ತಿದ್ದ ಬೆಳಕಿನ ಕಂಬ ನೆನಪಿರುವವರಿಗೆ ಅದರ ಸೆಳೆತ ಹೇಳಬೇಕಾಗಿಲ್ಲ. ವ್ಯಾಪಾರಿಗೆ ಅದು ಗಿರಾಕಿಯನ್ನು ಕರೆಯುವ ಡಂಗುರ. ಗುಡ್ಡದ ಮೇಲಿನವನಿಗೆ ಒಂದು ರಾತ್ರಿಯ ಕೆಲಸ ಹಾಳು. 1958ರ ಏಪ್ರಿಲ್ 15ರಂದು ನಗರಸಭೆ ಗುಡ್ಡದ ಕಡೆ ವಾಲಿತು. ಜಾಹೀರಾತಿನ ಸರ್ಚ್‌ಲೈಟ್ ನಿಷಿದ್ಧ. ಮೀರಿದರೆ 300 ಡಾಲರ್‌ವರೆಗೆ ದಂಡ, 90 ದಿನದವರೆಗೆ ಜೈಲು. ಇಂಥ ಕಾನೂನುಗಳಲ್ಲಿ ಲೋಕಕ್ಕೇ ಮೊದಲನೆಯದು ಎಂಬ ಹೆಸರು ಇದಕ್ಕೆ ಬಂದಿದೆ.

ಆ ಸಭೆ ಒಂದೇ ಏಟಿಗೆ ಎಲ್ಲ ದೀಪಗಳ ಮೇಲೂ ಕೈಮಾಡಲಿಲ್ಲ. ಅದು ಜಾಣತನವೆಂದೇ ನನ್ನ ಎಣಿಕೆ. 1960ರಲ್ಲಿ ಹದಿನೆಂಟು ಸಾವಿರವಿದ್ದ ಜನಸಂಖ್ಯೆ 1990ರ ವೇಳೆಗೆ ನಲವತ್ತೈದು ಸಾವಿರ ದಾಟಿತು, ದೀಪಗಳೂ ಬೆಳೆದವು. 1989ರಲ್ಲಿ ನಿಯಮವೂ ಬೆಳೆಯಿತು. ಒಂದು ಎಕರೆ ಜಾಗದಲ್ಲಿ ಒಟ್ಟು ಎಷ್ಟು ಬೆಳಕು ಇರಬಹುದೆಂದು ಲೆಕ್ಕ ಕಟ್ಟಿದರು. ವೀಕ್ಷಣಾಲಯದ ಹತ್ತಿರ ಆ ಮಿತಿ ಇನ್ನೂ ಕಡಿಮೆ. ಜೊತೆಗೆ ದೀಪಕ್ಕೆ ಟೋಪಿ. ಟೋಪಿ ಹಾಕುವುದೆಂದರೆ ನಮ್ಮಲ್ಲಿ ಬೇರೆಯೇ ಅರ್ಥ. ಇದು ಬೆಳಕು ಮೇಲೆ ಹೋಗದಂತೆ ತಡೆದು ನೆಲಕ್ಕೆ ತಿರುಗಿಸುವ ನಿಜವಾದ ಮುಚ್ಚಳ. 2001ರಲ್ಲಿ ಫ್ಲ್ಯಾಗ್‌ಸ್ಟಾಫ್ ಲೋಕದ ಮೊದಲ ‘ಡಾರ್ಕ್ ಸ್ಕೈ’ ನಗರವೆನಿಸಿತು.

ಲಾಸ್ ಏಂಜಲಿಸ್ ಪಕ್ಕದ ಮೌಂಟ್ ವಿಲ್ಸನ್ನಿಗೆ ಈ ಭಾಗ್ಯ ಇರಲಿಲ್ಲ. ಹಬಲ್ ಬ್ರಹ್ಮಾಂಡದ ವಿಸ್ತಾರ ಅಳೆದ ಅಲ್ಲಿನ 100 ಅಂಗುಲದ ದೂರದರ್ಶಕಕ್ಕೆ ಕೆಳಗಿನ ಮಹಾನಗರದ ಬೆಳಕೇ ವೈರಿಯಾಯಿತು. 1985ರಲ್ಲಿ ಅದನ್ನು ಮುಚ್ಚಿದರು, 1992ರಲ್ಲಿ ಮತ್ತೆ ತೆರೆದರು.

ಬೆಳಕು ಕಡಿಮೆಯಾದರೆ ಕಳ್ಳಕಾಕರಿಗೆ ಅನುಕೂಲ, ಹೆಣ್ಣುಮಕ್ಕಳು ಓಡಾಡುವುದು ಹೇಗೆ ಎಂಬ ಪ್ರಶ್ನೆ ಇಂಥ ಚರ್ಚೆಗಳಲ್ಲೆಲ್ಲ ಏಳುತ್ತದೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆದಾಗ ರಸ್ತೆಯ ಗುಂಡಿ ಕಾಣುತ್ತದೆಯೇ? ಕಣ್ಣು ಕುಕ್ಕುವ ದೀಪ ತನ್ನ ಪಕ್ಕದ ನೆರಳನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಟೋಪಿಯ ದೀಪದಲ್ಲಿ ಕಾಲುದಾರಿ ಕಾಣುತ್ತದೆ, ಎದುರು ಬರುವವರ ಮುಖವೂ ಕಾಣುತ್ತದೆ.

ನಮ್ಮ ದೇಶದಲ್ಲೂ ಇಂಥದೊಂದು ಊರಿದೆ, ಅದಕ್ಕೆ ಕರ್ನಾಟಕದ ನಂಟೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. 2022ರಲ್ಲಿ ಆ ಸಂಸ್ಥೆ, ಲಡಾಖ್ ಆಡಳಿತ, ಲೇಹ್‌ನ ಸ್ಥಳೀಯ ಸ್ವಾಯತ್ತ ಮಂಡಳಿ ಒಪ್ಪಂದ ಮಾಡಿಕೊಂಡವು. ಅದೇ ವರ್ಷ 1,073 ಚದರ ಕಿಲೋಮೀಟರ್ ಪ್ರದೇಶ ಕತ್ತಲೆಯ ಮೀಸಲು ಎಂದು ಘೋಷಣೆಯಾಯಿತು. ಅಲ್ಲಿನ ಮನೆಗಳಲ್ಲಿ ರಾತ್ರಿ ಕಿಟಕಿಗೆ ದಪ್ಪ ಪರದೆ ಎಳೆಯಬೇಕು. ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ಹೊಸಕೋಟೆಯಿಂದ. ಅಲ್ಲಿ ಕೂತ ವಿಜ್ಞಾನಿ ಕಂಪ್ಯೂಟರಿನಲ್ಲಿ ಹಾನ್ಲೆಯ ನಕ್ಷತ್ರ ನೋಡಿ, ಚಹಾ ಕುಡಿಯಲು ಹೊರಗೆ ಬಂದರೆ, ಪಶ್ಚಿಮಕ್ಕೆ ಬೆಂಗಳೂರಿನ ಬೆಳಕು.