ಬಂಡೆಯಲ್ಲಿ ದೊರೆತ ಬಂಧು: ಆದಿಕವಿ ಪಂಪನ ಮನೆತನ

ಜಿನಬಿಂಬವನ್ನು ಪ್ರತಿಷ್ಠೆ ಮಾಡಿಸಿದ ಶ್ರಾವಕ ಶ್ರಾವಿಕೆಯರು ತಮ್ಮ ತಾಯಿತಂದೆಗಳ, ಒಡಹುಟ್ಟಿದವರ ಹಾಗೂ ಗುರುಗಳ ಹೆಸರುಗಳನ್ನು ಶಿಲೆಯಲ್ಲಿ ಬರೆಸಿಡುವ ಸಂಪ್ರದಾಯವು ಬಹು ಪ್ರಾಚೀನವಾದುದು. ಈ ಸಂಪ್ರದಾಯವಿಲ್ಲದಿದ್ದರೆ ಎಷ್ಟೋ ಮನೆತನಗಳ ಕೊಂಡಿಗಳು ಶಾಶ್ವತವಾಗಿ ಕಳಚಿಹೋಗುತ್ತಿದ್ದವು. ಇದಕ್ಕೆ ಆದಿಕವಿ ಪಂಪನ ಮನೆತನವೇ ಉತ್ತಮ ನಿದರ್ಶನವಾಗಿದೆ.

ಕ್ರಿ.ಶ. 902ರಲ್ಲಿ ಜನಿಸಿ, 941ರಲ್ಲಿ ‘ಆದಿಪುರಾಣ’ವನ್ನು ರಚಿಸಿದ ಪಂಪನು ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ವೆಂಗಿನಾಡಿನ ಮಾಧವ ಸೋಮಯಾಜಿಯಿಂದ ಆರಂಭವಾಗುವ ಆ ವಂಶಾವಳಿಯು ಅಭಿಮಾನಚಂದ್ರ, ಕೊಮರಯ್ಯ ಇವರ ಮೂಲಕ ತಂದೆ ಅಭಿರಾಮದೇವರಾಯನವರೆಗೆ ಬರುತ್ತದೆ. ವೈದಿಕ ಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ಅಂಗೀಕರಿಸಿದವನು ಈ ತಂದೆಯೇ. ಆದರೆ ತಾಯಿಯ ಹೆಸರಾಗಲಿ, ಕವಿಗೊಬ್ಬ ತಮ್ಮನಿದ್ದನೆಂಬ ಸಂಗತಿಯಾಗಲಿ ಅಲ್ಲಿ ಕಾಣದು. ಸಾವಿರ ವರ್ಷಗಳ ಕಾಲ ಕನ್ನಡಿಗರಿಗೆ ಅವರಿಬ್ಬರೂ ಅಜ್ಞಾತರಾಗಿಯೇ ಉಳಿದಿದ್ದರು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲ ಗ್ರಾಮದ ಬೊಮ್ಮಲಗುಟ್ಟದ ಶಾಸನವು ವಿದ್ವಾಂಸರ ಗಮನಕ್ಕೆ ಬಂದಿತು. ಕನ್ನಡ, ಸಂಸ್ಕೃತ, ತೆಲುಗು ಈ ಮೂರು ಭಾಷೆಗಳಲ್ಲಿರುವ ಈ ಶಾಸನವನ್ನು ಬರೆಸಿದವನು ಜಿನವಲ್ಲಭ. ಅವನು ವೃಷಭಗಿರಿಯ ಸಿದ್ಧಶಿಲೆಯಲ್ಲಿ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಮಾಡಿಸಿದನು; ತ್ರಿಭುವನತಿಲಕವೆಂಬ ಬಸದಿಯನ್ನೂ, ಕವಿತಾಗುಣಾರ್ಣವವೆಂಬ ಕೆರೆಯನ್ನೂ, ಮದನವಿಲಾಸವೆಂಬ ತೋಟವನ್ನೂ ನಿರ್ಮಿಸಿದನು. ಕೆರೆಗಿಟ್ಟ ಹೆಸರು ಪಂಪನ ಬಿರುದು. ಜಿನವಲ್ಲಭನು ಪಂಪನ ತಮ್ಮನೆಂದು ಶಾಸನವೇ ಸಾರುತ್ತದೆ. ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು.

ಹೆಸರೊಂದು ಹೊಂದಿದ ಮಾತ್ರಕ್ಕೆ ಬಂಧುತ್ವವು ಸಿದ್ಧವಾಗದು. ಶಾಸನದಲ್ಲಿ ತಂದೆಯ ಹೆಸರು ಭೀಮಪಯ್ಯನೆಂದಿದೆ, ಕಾವ್ಯದಲ್ಲಿರುವುದು ಅಭಿರಾಮದೇವರಾಯ. ಆದರೂ ವೆಂಗಿನಾಡು, ಪೂರ್ವಜನಾದ ಅಭಿಮಾನಚಂದ್ರ, ಕವಿತಾಗುಣಾರ್ಣವ ಬಿರುದು, ಅರಿಕೇಸರಿಯು ಕವಿಗಿತ್ತ ಧರ್ಮಪುರದ ಅಗ್ರಹಾರ ಇವೆಲ್ಲವೂ ಎರಡೂ ಕಡೆ ಹೊಂದುವುದರಿಂದ, ಈ ಎರಡು ಹೆಸರುಗಳೂ ಒಬ್ಬನವೇ ಎಂದು ವಿದ್ವಾಂಸರು ತಿಳಿದಿದ್ದಾರೆ. ವಂಶಶೋಧನೆಯ ಸರಿಯಾದ ಮಾರ್ಗವಿದು.

ಇಂದು ಜೀವನೋಪಾಯಕ್ಕಾಗಿ ಊರು ಬಿಟ್ಟು ಚದುರಿದ ಕುಟುಂಬಗಳಲ್ಲಿ ಮುತ್ತಜ್ಜಿಯ ಹೆಸರನ್ನು ಬಲ್ಲವರು ವಿರಳ. ಅವರ ಮೂಲವು ಬಸದಿಯ ಬಿಂಬದ ಪೀಠದಲ್ಲಿಯೋ, ನಿಷಿಧಿಗಲ್ಲಿನಲ್ಲಿಯೋ, ಓಲೆಗ್ರಂಥದ ಕೊನೆಯ ಗರಿಯಲ್ಲಿಯೋ ಅಡಗಿರಬಹುದು. ಜೀರ್ಣೋದ್ಧಾರದ ಸಮಯದಲ್ಲಿ ಅಂಥ ಅಕ್ಷರಗಳ ಮೇಲೆ ಸುಣ್ಣ ಬಳಿಯುವುದು, ಬರಹವಿರುವ ಕಲ್ಲನ್ನು ತಳಪಾಯಕ್ಕೆ ಹಾಕುವುದು ಪೂರ್ವಜರನ್ನು ಎರಡನೆಯ ಸಲ ಕಳೆದುಕೊಂಡಂತೆ. ಹೊಸದಾಗಿ ಬರೆಸುವ ಶಿಲಾಫಲಕದಲ್ಲಿ ದಾನಿಯ ಹೆಸರಿನೊಡನೆ ಅವನ ತಾಯಿಯ ಹೆಸರೂ ತವರೂರೂ ಇರಲಿ. ಜಿನವಲ್ಲಭನು ಬರೆಸದಿದ್ದರೆ ಆದಿಕವಿಯ ತಾಯಿಯನ್ನು ಲೋಕವು ಅರಿಯುತ್ತಿರಲಿಲ್ಲ.